ದುರ್ಗದ ಸೀಮೆಯಲ್ಲಿ ಶಿಶುಪೋಷಣೆಯ ಚರಿತ್ರೆ

ಚಿತ್ರದುರ್ಗದ ಇತಿಹಾಸವೆಂದೊಡನೆ ಕೇಳುವವರ ಮನಸ್ಸು ಏಳು ಸುತ್ತಿನ ಕೋಟೆಯ ಕಡೆಗೂ, ಪಾಳೆಯಗಾರರ ಕಾಳಗಗಳ ಕಡೆಗೂ, ಓಬವ್ವೆಯ ಒನಕೆಯ ಕಡೆಗೂ ಹರಿಯುವುದು ಸಹಜವಾಗಿದೆ. ಬಖೈರುಗಳೂ ಲಾವಣಿಗಳೂ ಹೇಳುವುದು ಅದನ್ನೇ. ಆದರೆ ಆ ಕೋಟೆಯ ಕೆಳಗೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊಲಗಳ ನಡುವಣ ಊರು-ಹಟ್ಟಿಗಳಲ್ಲಿ ಹುಟ್ಟಿದ ಕೂಸುಗಳನ್ನು ಯಾರು ಯಾರು ಕೂಡಿ ಬದುಕಿಸಿದರು, ಯಾವಾಗ ಕೂಡದೆ ಹೋದರು ಎಂಬುದೂ ಚರಿತ್ರೆಯೇ ಸರಿ. ಅದಕ್ಕೆ ವೀರಗಲ್ಲುಗಳಿಲ್ಲ. ಅದರ ಸಾಕ್ಷ್ಯವು ಜನಗಣತಿಯ ಅಂಕಿಗಳಲ್ಲಿ, ಸರ್ಕಾರದ ಕಾಯಿದೆಗಳಲ್ಲಿ, ಬಾಣಂತಿ ಕೋಣೆಯ ಆಚಾರಗಳಲ್ಲಿ ಚದರಿ ಬಿದ್ದಿರುವುದು. ಅದನ್ನು ಹೆಕ್ಕಿ ಒಂದೆಡೆ ಇಟ್ಟು ನೋಡಿದರೆ ಒಂದು ಮಾತು ಮಾತ್ರ ಸ್ಪಷ್ಟವಾಗಿ ತೋರುವುದು: ಈ ಸೀಮೆಯಲ್ಲಿ ಕೂಸಿಗೆ ನೆರವಾಗುವ ಕೈಗಳು ಎಂದೂ ಕಡಮೆಯಾಗಿರಲಿಲ್ಲ, ಆ ಕೈಗಳು ಒಂದನ್ನೊಂದು ಹಿಡಿಯಲು ತಡಮಾಡಿದಾಗಲೆಲ್ಲ ಕೂಸು ಕೆಳಗೆ ಬಿದ್ದಿದೆ.

ಪೂರ್ವದಲ್ಲಿ ಚೊಚ್ಚಲ ಹೆರಿಗೆಯು ತವರುಮನೆಯ ಹೊಣೆಯಾಗಿತ್ತು. ಸೂಲಗಿತ್ತಿಯು ನೋವು ಕಾಣಿಸಿಕೊಂಡ ರಾತ್ರಿಯೇ ಬಂದು, ಹೆರಿಗೆಯಾದ ಮೇಲೆಯೂ ಅನೇಕ ದಿವಸ ಎಣ್ಣೆನೀರಿಗೆಂದು ಬಂದು ಹೋಗುತ್ತಿದ್ದಳು. ಅವಳು ಬಹುಮಟ್ಟಿಗೆ ಬಡವಿ, ಅಕ್ಷರವನ್ನರಿಯದವಳು. ಅವಳಿಗೆ ಸಲ್ಲುತ್ತಿದ್ದ ಸಂಭಾವನೆ ಕುಪ್ಪಸದ ಕಣ, ಎಲೆಯಡಕೆ, ಒಂದು ಮೊರ ಧಾನ್ಯ. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ಕಾಲವಾದರು. ಹೆಸರು ಉಳಿಯದೆ ಹೋದ ಅಂತಹ ತಾಯಂದಿರು ಈ ನಾಲ್ಕು ತಾಲ್ಲೂಕುಗಳಲ್ಲಿ ಊರಿಗೊಬ್ಬಿಬ್ಬರಾದರೂ ಇದ್ದಿರಬೇಕು.

ವೀರಶೈವ ಲಿಂಗಾಯತರ ಮನೆಗಳಲ್ಲಿ ಇನ್ನೊಬ್ಬನು ಆ ಕೋಣೆಯ ಹೊಸ್ತಿಲನ್ನು ಮೊದಲ ದಿನಗಳಲ್ಲಿಯೇ ದಾಟುತ್ತಿದ್ದನು. ಅವನು ಊರಿನ ಅಯ್ಯನವರು. ಗರ್ಭಸ್ಥ ಶಿಶುವಿಗೆ ಎಂಟನೆಯ ತಿಂಗಳಲ್ಲಿಯೇ ಲಿಂಗಸಂಬಂಧವಾಗಬೇಕೆಂಬುದು ಶಾಸ್ತ್ರ. ಹುಟ್ಟಿದ ಕೂಸಿಗೆ ಲಿಂಗಧಾರಣವಾಗಬೇಕೆಂಬುದು ನಡೆದು ಬಂದ ಪದ್ಧತಿ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತನಿಗೆ ಇಲ್ಲವೆಂದು ಶರಣರು ಸಾರಿದುದರ ಅರ್ಥವನ್ನು ಪಂಡಿತರು ನಾನಾ ವಿಧವಾಗಿ ವ್ಯಾಖ್ಯಾನಿಸಿರುವರು. ಅದರ ಒಂದು ಫಲ ಮಾತ್ರ ವ್ಯಾಖ್ಯಾನಕ್ಕೆ ಕಾಯದೆ ಕಣ್ಣಿಗೆ ಕಾಣುವಂತಹುದು: ಹಸಿ ಬಾಣಂತಿಯ ಬಳಿಗೆ ಹೊರಗಿನವನೊಬ್ಬನು ನಿಸ್ಸಂಕೋಚವಾಗಿ ಬರಬಹುದಾಗಿತ್ತು. ಕೂಸು ಮೊಲೆ ಹಿಡಿಯಿತೇ, ತಾಯಿಗೆ ಜ್ವರವಿದೆಯೇ, ಮನೆಯಲ್ಲಿ ಜೋಳವಿದೆಯೇ ಎಂಬುದು ಅವನ ಕಣ್ಣಿಗೆ ಬೀಳುವುದಕ್ಕೆ ಎಡೆಯಿತ್ತು. ಭಕ್ತರ ಮನೆಗಳಲ್ಲಿಯೇ ತರುವಾಯ ಸೂತಕದ ಆಚರಣೆ ಹಿಂಬಾಗಿಲಿನಿಂದ ಪುನಃ ಒಳಹೊಕ್ಕಿತೆಂಬುದನ್ನು ಇಲ್ಲಿ ಮರೆಮಾಚುವುದು ನ್ಯಾಯವಲ್ಲ.

ತವರು, ಸೂಲಗಿತ್ತಿ, ಅಯ್ಯ, ಈ ಮೂವರ ಕೂಟಕ್ಕೆ ಎರಡು ಮಿತಿಗಳಿದ್ದುವು. ಮೊದಲನೆಯದು, ಹೊಕ್ಕುಳ ಬಳ್ಳಿಯನ್ನು ಕೊಯ್ದ ಕುಡುಗೋಲಿನಿಂದ ತಗಲುತ್ತಿದ್ದ ಧನುರ್ವಾಯುವಿಗೂ, ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವಕ್ಕೂ ಅವರಲ್ಲಿ ಪರಿಹಾರವಿರಲಿಲ್ಲ. ಎರಡನೆಯದು, ಮೂವರೂ ನಿಂತಿದ್ದುದು ಒಂದೇ ಹೊಲದ ಮೇಲೆ. ಮಳೆ ಹೋದರೆ ಮೂವರೂ ಒಟ್ಟಿಗೆ ಹೋಗಬೇಕಾಗಿತ್ತು.

ಧಾತು ಸಂವತ್ಸರದಲ್ಲಿ ಹಾಗೆಯೇ ಆಯಿತು. ೧೮೭೬ರಲ್ಲಿ ಮಳೆ ಕೈಕೊಟ್ಟು, ಈಶ್ವರ ಸಂವತ್ಸರದ ೧೮೭೭ರ ಮುಂಗಾರೂ ಹುಸಿಹೋಗಿ, ೧೮೭೮ರವರೆಗೆ ಎಳೆದ ಆ ಬರವನ್ನು ಹಿರಿಯರು ‘ಧಾತು ಈಶ್ವರದ ಬರ’ವೆಂದೇ ಕರೆದರು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯನ್ನು ಸೇರಿಸಿಕೊಂಡರೆ ನಷ್ಟವು ಈ ಎರಡು ಅಂಕಿಗಳ ಅಂತರಕ್ಕಿಂತಲೂ ದೊಡ್ಡದು. ಮಲೆನಾಡಿಗಿಂತ ಬಯಲುಸೀಮೆಯೇ ಹೆಚ್ಚು ಬೆಂದಿತು. ದುರ್ಗದ ಸೀಮೆ ಬಯಲುಸೀಮೆಯಲ್ಲಿಯೂ ಮಳೆ ಕಡಮೆಯಾದ ಭಾಗ.

ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಸರ್ಕಾರವು ಏನನ್ನೂ ಮಾಡಲಿಲ್ಲವೆಂದು ಹೇಳುವುದು ಸತ್ಯವಲ್ಲ. ಗಂಜಿಯ ಮನೆಗಳನ್ನು ತೆರೆಯಿತು, ರಸ್ತೆ ಕೆರೆಗಳ ಕಾಮಗಾರಿಗಳನ್ನು ಹೂಡಿತು. ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಯಿಂದ ಹಣ ಬಂದಿತು. ಕ್ರೈಸ್ತ ಮಿಷನ್ನಿನವರು ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದರು. ಮಠಗಳ ದಾಸೋಹವನ್ನು ಕುರಿತು ಹೇಳುವುದಾದರೆ, ಕಣಜವನ್ನು ತುಂಬುತ್ತಿದ್ದುದೂ ಅದೇ ರೈತನ ಕಾಣಿಕೆಯಾದುದರಿಂದ, ಹೊಲ ಒಣಗಿದಾಗ ಕಣಜ ಒಣಗದೆ ಹೇಗಿದ್ದೀತು? ಕೈಗಳು ಹಲವಿದ್ದುವು. ಆದರೆ ಪ್ರತಿಯೊಂದೂ ತನ್ನ ತನ್ನ ಬಾಗಿಲಿನಲ್ಲಿ ಕಾದು ಕುಳಿತಿತು. ಗಂಜಿಯ ಮನೆ ಪಟ್ಟಣದಲ್ಲಿ. ಹಸಿದ ತಾಯಿ ಹಳ್ಳಿಯಲ್ಲಿ. ಅವಳು ಕೂಸನ್ನು ಕಟ್ಟಿಕೊಂಡು ಹತ್ತಾರು ಮೈಲಿ ನಡೆದು ಬರಬೇಕು. ಬಂದಮೇಲೆ ಜನಸಂದಣಿಯಲ್ಲಿ ವಾಂತಿಭೇದಿಯ ಭಯ. ದುಡಿಯಬಲ್ಲವರಿಗೆ ಕಾಮಗಾರಿಯಲ್ಲಿ ಕೂಲಿ ಉಂಟು; ಮೊಲೆಯೂಡುವವಳು ಕಲ್ಲು ಹೊರುವುದು ಹೇಗೆ? ತಾಯಿ ಸತ್ತ ಮೇಲೆ ಮಗುವಿಗೆ ಅನಾಥಾಲಯವಿತ್ತು. ತಾಯಿ ಸಾಯದಂತೆ ಮುಂಚಿತವಾಗಿ ಹಳ್ಳಿಗೆ ಹೋಗುವ ಕೈಯೊಂದು ಬಹುಕಾಲ ಇರಲಿಲ್ಲ.

ಬರ ಮುಗಿದ ಮೇಲೆ ಕ್ಷಾಮ ಆಯೋಗವು ಕೂಡಿತು. ೧೮೮೦ರಲ್ಲಿ ವರದಿಯನ್ನು ಕೊಟ್ಟಿತು. ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದುವು. ಅವುಗಳಲ್ಲಿ ದುಡಿಯಲಾರದವರನ್ನು ಹಳ್ಳಿಯಲ್ಲಿಯೇ ಗುರುತಿಸಿ ಮನೆಯ ಬಳಿಯಲ್ಲಿಯೇ ನೆರವು ಕೊಡತಕ್ಕದ್ದೆಂಬ ನಿಯಮವು ಬರಹಕ್ಕೆ ಬಂದಿತು. ಈ ನಿಯಮಕ್ಕೆ ತೆತ್ತ ಬೆಲೆಯೇನೆಂಬುದನ್ನು ಮೇಲಿನ ಎರಡು ಅಂಕಿಗಳು ಹೇಳುವುವು.

೧೮೮೧ರಲ್ಲಿ ಅರಸರಿಗೆ ರಾಜ್ಯವು ಮರಳಿದ ಮೇಲೆ ಸಂಸ್ಥಾನದ ಸರ್ಕಾರವು ಕುಟುಂಬದ ಒಳಗಣ ವಿಷಯಕ್ಕೂ ಕೈಹಾಕಿತು. ೧೮೯೪ರ ಶಿಶುವಿವಾಹ ಪ್ರತಿಬಂಧಕ ರೆಗ್ಯುಲೇಷನ್ನು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. ಇಂದಿನವರಿಗೆ ಅದು ತೀರ ಅಲ್ಪವಾಗಿ ತೋರಬಹುದು. ಆ ಕಾಲಕ್ಕೆ ಅದೂ ಗದ್ದಲವನ್ನೆಬ್ಬಿಸಿತು. ತಾಯಿಯ ವಯಸ್ಸೇ ಮಗುವಿನ ಮೊದಲ ಆಸ್ತಿಯೆಂಬುದನ್ನು ಕಾಯಿದೆಯು ಒಪ್ಪಿಕೊಂಡ ಮೊದಲ ಹೆಜ್ಜೆ ಅದು. ಇತ್ತೀಚಿನ ದಶಕಗಳಲ್ಲಿ ಮಠಗಳು ನಡೆಸುವ ಸಾಮೂಹಿಕ ವಿವಾಹಗಳಲ್ಲಿ ವಧೂವರರ ವಯಸ್ಸಿನ ಪ್ರಮಾಣಪತ್ರವನ್ನು ಕೇಳುವುದು ರೂಢಿಯಾಗಿರುವುದು ಅದೇ ದಾರಿಯ ಮುಂದಿನ ಹೆಜ್ಜೆ. ಆ ಪತ್ರವನ್ನು ನೋಡುವವರು ಮಂಟಪದ ಗಡಿಬಿಡಿಯಲ್ಲಿ ಎಷ್ಟು ಕಣ್ಣಿಟ್ಟು ನೋಡುವರೋ ಅಷ್ಟೇ ಅದರ ಫಲ.

ಇನ್ನು ಮಾರಿಕಣಿವೆಯ ಪ್ರಸಂಗ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಯ ಕೆಲಸವು ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿಯಿತು; ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಅದಕ್ಕಿಟ್ಟರು. ಧಾತು ಈಶ್ವರವನ್ನು ಕಂಡಿದ್ದ ಜನರಿಗೆ ಆ ನೀರು ವರವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ವರವೇ ಆಗಿತ್ತು. ಆದರೆ ಕಾಲುವೆಯ ನೀರಿನ ಬೆನ್ನಿಗೆ ಚಳಿಜ್ವರವೂ ಬಂದಿತು. ಮಲೇರಿಯಾ ಎಲ್ಲರನ್ನೂ ಕಾಡಿದರೂ ಅದರ ಮೊದಲ ತುತ್ತು ಬಸುರಿಯರು ಮತ್ತು ಐದು ವರ್ಷದೊಳಗಿನ ಮಕ್ಕಳು. ಬಸುರಿಯಲ್ಲಿ ಅದು ರಕ್ತವನ್ನು ಕುಂದಿಸುವುದು. ಹುಟ್ಟುವ ಕೂಸಿನ ತೂಕವನ್ನು ಕುಗ್ಗಿಸುವುದು. ನೀರನ್ನು ತಂದ ಇಲಾಖೆಯು ಸೊಳ್ಳೆಯನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜ್ವರಕ್ಕೆ ಔಷಧ ಕೊಡುವ ಇಲಾಖೆಗೆ ಕಾಲುವೆಯ ಮೇಲೆ ಅಧಿಕಾರವಿರಲಿಲ್ಲ. ಸುಮಾರು ೧೯೩೦ರ ವೇಳೆಗೆ ಸಂಸ್ಥಾನದ ಆರೋಗ್ಯ ಇಲಾಖೆಯು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಹಿರಿಯೂರಿನಲ್ಲಿ ಮಲೇರಿಯಾದ ಪರಿಶೀಲನೆಯನ್ನು ಕೈಗೊಂಡಿತು. ಅಣೆ ಮುಗಿದು ಇಪ್ಪತ್ತು ವರ್ಷಗಳ ಮೇಲೆ ಎರಡು ಕಡೆಯವರು ಒಂದೇ ಕಾಲುವೆಯ ದಡದಲ್ಲಿ ನಿಂತು ನೋಡಿದಂತಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಬಾಲ್ಯವು ಜ್ವರದಲ್ಲಿ ಕಳೆದಿತ್ತು. ಸ್ವಾತಂತ್ರ್ಯಾನಂತರ ೧೯೫೩ರಲ್ಲಿ ದೇಶವ್ಯಾಪಿಯಾಗಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಬಂದ ಮೇಲೆ ಆ ಪೀಡೆಯು ಬಹಳ ಮಟ್ಟಿಗೆ ತಗ್ಗಿತು.

ನೀರಿನ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿ ಮುಗಿಸಬಹುದು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಫ್ಲೋರೈಡು ಬೆರೆತ ನೀರು ಕುಡಿಯುವ ಪಾಲಿಗೆ ಬಂದಿತು. ಹಲ್ಲಿನ ಕಂದುಬಣ್ಣ ಶಾಲೆಯಲ್ಲಿ ಕಾಣಿಸಿಕೊಂಡರೂ ಅದು ಹಿಡಿದುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ಆದಕಾರಣ ನೀರು ಸರಬರಾಜಿನ ಇಂಜಿನಿಯರನೂ ಶಿಶುಪೋಷಣೆಯ ಕೆಲಸದವನೇ. ಅವನಿಗೆ ಹಾಗೆಂದು ಹೇಳಿದವರು ಕಡಮೆ.

ಮಠಗಳು ಈ ಕಾಲದಲ್ಲಿ ಏನು ಮಾಡುತ್ತಿದ್ದುವೆಂದು ಭಕ್ತರು ಕೇಳುವುದು ಯುಕ್ತವಾಗಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳು ಊರೂರುಗಳಲ್ಲಿ ಉಚಿತ ಪ್ರಸಾದನಿಲಯಗಳಿಗೆ ಆಶ್ರಯವಿತ್ತರು. ೧೯೪೦ರಲ್ಲಿ ಸಿರಿಗೆರೆಯ ಪೀಠವನ್ನೇರಿದ ಶಿವಕುಮಾರ ಶಿವಾಚಾರ್ಯರು ಹಳ್ಳಿಯ ಮಕ್ಕಳಿಗೆ ಹಳ್ಳಿಗಳಲ್ಲಿಯೇ ಶಾಲೆಗಳನ್ನು ತೆರೆಯುವ ಕಾರ್ಯವನ್ನು ವಿಸ್ತರಿಸಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ೧೯೪೩ರಲ್ಲಿ ಬಂದು ನೆಲೆಸಿದ ರಾಘವೇಂದ್ರ ಸ್ವಾಮಿಗಳು, ‘ತಿರುಕ’ನೆಂದು ತಮ್ಮನ್ನು ಕರೆದುಕೊಂಡವರು, ಅನಾಥಸೇವಾಶ್ರಮದ ಒಂದೇ ಅಂಗಳದಲ್ಲಿ ಆಯುರ್ವೇದದ ಚಿಕಿತ್ಸೆ, ಯೋಗ, ಪಾಠಶಾಲೆಗಳನ್ನು ಕೂಡಿಸಿದರು. ವೈದ್ಯನೂ ಉಪಾಧ್ಯಾಯನೂ ಒಬ್ಬನೇ ಆಗಿದ್ದ ಆ ಆಶ್ರಮದಲ್ಲಿ ಇಲಾಖೆಗಳ ನಡುವಣ ಗೋಡೆಯ ಪ್ರಶ್ನೆಯೇ ಏಳಲಿಲ್ಲ.

ಇವೆಲ್ಲವೂ ಕೃತಜ್ಞತೆಯಿಂದ ಸ್ಮರಿಸತಕ್ಕ ಕಾರ್ಯಗಳು. ಆದರೆ ಚರಿತ್ರೆಯು ಸ್ತೋತ್ರವಾಗಬಾರದಷ್ಟೆ. ಪ್ರಸಾದನಿಲಯದ ಬಾಗಿಲು ತೆರೆಯುತ್ತಿದ್ದುದು ಶಾಲೆಯ ವಯಸ್ಸಿಗೆ ಬಂದ ಬಾಲಕನಿಗೆ; ಬಾಲಕಿಯರಿಗೆ ಅದು ತೆರೆದುದು ಬಹಳ ತಡವಾಗಿ. ೧೯೧೩ರ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ನಿಗೂ ಮಗುವು ಕಣ್ಣಿಗೆ ಬೀಳುತ್ತಿದ್ದುದು ಶಾಲೆಯ ಹಾಜರಿ ಪಟ್ಟಿಯಲ್ಲಿ ಮಾತ್ರ. ಲಿಂಗಧಾರಣಕ್ಕೆ ಮೊದಲ ದಿನಗಳಲ್ಲಿ ಬಂದ ಅಯ್ಯನವರಿಗೂ, ಊಟಕ್ಕೆ ಹತ್ತನೆಯ ವಯಸ್ಸಿನಲ್ಲಿ ಕರೆದ ಪ್ರಸಾದನಿಲಯಕ್ಕೂ ನಡುವೆ ಉಳಿದ ವರ್ಷಗಳು ಯಾರ ಪಾಲಿನವೂ ಆಗಿರಲಿಲ್ಲ. ಅತ್ಯಧಿಕವಾಗಿ ಮಕ್ಕಳು ಸಾಯುತ್ತಿದ್ದುದು ಆ ವರ್ಷಗಳಲ್ಲಿಯೇ.

ಆ ತೆರಪನ್ನು ತುಂಬುವ ಪ್ರಯತ್ನವು ಸ್ವಾತಂತ್ರ್ಯದ ನಂತರ ತುಂಡುತುಂಡಾಗಿ ನಡೆಯಿತು. ೧೯೫೨ರ ಸಮುದಾಯಾಭಿವೃದ್ಧಿ ಯೋಜನೆ, ೧೯೫೩ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಹುಟ್ಟಿದ ಸಮಾಜಕಲ್ಯಾಣ ಮಂಡಲಿ, ಅದರ ಬಾಲವಾಡಿಗಳು, ಇವು ಅಲ್ಲಲ್ಲಿ ದೀಪಗಳನ್ನು ಹಚ್ಚಿದುವು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಮುಂದೆ ಅದು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿ, ‘ಅಂಗನವಾಡಿ’ಯೆಂಬ ಹೆಸರಿನಿಂದ ದುರ್ಗದ ಹಳ್ಳಿಗಳಲ್ಲಿಯೂ ಮನೆಮಾತಾಯಿತು.

ಈ ಯೋಜನೆಯ ಹೆಸರಿನಲ್ಲಿರುವ ‘ಸಮಗ್ರ’ವೆಂಬ ಪದವೇ ಅದರ ತಿರುಳು. ಆರು ಸೇವೆಗಳನ್ನು ಅದು ಎಣಿಸಿತು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ-ಆರೋಗ್ಯಗಳ ತಿಳಿವಳಿಕೆ. ಇವುಗಳಲ್ಲಿ ಚುಚ್ಚುಮದ್ದು, ತಪಾಸಣೆ, ಆಸ್ಪತ್ರೆಗೆ ಕಳುಹುವುದು ಎಂಬ ಮೂರು ಆರೋಗ್ಯ ಇಲಾಖೆಯ ಕೈಯಲ್ಲಿಯೇ ಉಳಿದುವು. ಅಂದರೆ, ಸೂಜಿ ಒಂದು ಇಲಾಖೆಯದು, ತಟ್ಟೆ ಇನ್ನೊಂದು ಇಲಾಖೆಯದು, ಮಗು ಒಂದೇ. ಮೊದಲ ದಶಕಗಳಲ್ಲಿ ಅಂಗನವಾಡಿಯವಳ ಪುಸ್ತಕದಲ್ಲಿ ಒಂದು ತೂಕ, ದಾದಿಯ ಪುಸ್ತಕದಲ್ಲಿ ಬೇರೊಂದು ಲೆಕ್ಕ. ೨೦೧೦ರ ಸುಮಾರಿಗೆ ಎರಡು ಇಲಾಖೆಗಳೂ ಸೇರಿ ತಾಯಿ-ಮಗುವಿಗೆ ಒಂದೇ ರಕ್ಷಣಾ ಚೀಟಿಯನ್ನು ದೇಶಾದ್ಯಂತ ಹೊರತಂದುವು. ಜನರು ಅದನ್ನು ‘ತಾಯಿ ಕಾರ್ಡು’ ಎಂದು ಕರೆಯುವರು. ಸೆರಗಿನಲ್ಲಿ ಸುತ್ತಿಕೊಂಡು, ಟ್ರಂಕಿನಲ್ಲಿ ಇಟ್ಟುಕೊಂಡು ತಾಯಂದಿರು ಅದನ್ನು ಕಾಪಾಡುವ ರೀತಿಯನ್ನು ಕಂಡವರು, ಯಾವ ದೊಡ್ಡ ಕಟ್ಟಡಕ್ಕಿಂತಲೂ ಆ ಮಡಿಸಿದ ಕಾಗದವೇ ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಯಾರು. ೨೦೦೭ರಿಂದ ತಿಂಗಳಿಗೊಂದು ದಿನ ಅಂಗನವಾಡಿಯಲ್ಲಿ ದಾದಿ, ಆಶಾ ಕಾರ್ಯಕರ್ತೆ, ಅಂಗನವಾಡಿಯವಳು ಮೂವರೂ ಕೂಡುವ ಆರೋಗ್ಯ-ಪೋಷಣೆಯ ದಿನವೂ ಗೊತ್ತಾಯಿತು.

೨೦೧೩ರ ಆಗಸ್ಟ್ ೧ರಂದು ‘ಕ್ಷೀರಭಾಗ್ಯ’ವು ಬಂದಾಗ ಹಾಲು ಒಕ್ಕೂಟವೂ ಈ ಕೂಟಕ್ಕೆ ಸೇರಿತು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರು ಜಿಲ್ಲೆಗಳ ರೈತರ ಹಾಲು ಒಂದೇ ಒಕ್ಕೂಟಕ್ಕೆ ಹೋಗುವುದು. ನಸುಕಿನಲ್ಲಿ ಡೈರಿಗೆ ಹಾಲು ಅಳೆದು ಬಂದ ತಾಯಿಯ ಮನೆಯಲ್ಲಿ ಮಗುವಿಗೆ ಹಾಲಿಲ್ಲದಿರುವುದು ಅಪರೂಪವಾಗಿರಲಿಲ್ಲ. ಪುಡಿಯ ರೂಪದಲ್ಲಿಯಾದರೂ ಹಾಲು ಮಕ್ಕಳ ಬಳಿಗೆ ಹಿಂದಿರುಗಿದುದು ಸಣ್ಣ ಸಂಗತಿಯಲ್ಲ. ೨೦೧೭ರ ಅಕ್ಟೋಬರ್ ೨ರಿಂದ ‘ಮಾತೃಪೂರ್ಣ’ದ ಮೂಲಕ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವು ರಾಜ್ಯವ್ಯಾಪಿಯಾಯಿತು: ಅನ್ನ, ಸಾರು, ಮೊಟ್ಟೆ, ಚಿಕ್ಕಿ, ಹಾಲು. ಯೋಜನೆಯು ಉತ್ತಮವಾದುದು, ಆದರೆ ಅದನ್ನು ಬರೆದವರು ಬಾಣಂತನವನ್ನು ಮರೆತಿದ್ದರೆಂದು ತೋರುವುದು. ಹಸಿ ಬಾಣಂತಿಯು ಕಿವಿಗೆ ಬಟ್ಟೆ ಕಟ್ಟಿ ಕೋಣೆಯಲ್ಲಿರುವ ನಾಡಿನಲ್ಲಿ ಅವಳು ಊಟಕ್ಕೆ ಬೀದಿ ದಾಟಿ ಬರುವುದೆಂತು? ಗಂಜಿಯ ಮನೆಯ ಬಾಗಿಲಿನಲ್ಲಿ ೧೮೭೭ರಲ್ಲಿ ಎದ್ದ ಪ್ರಶ್ನೆಯೇ ಬೇರೆ ರೂಪದಲ್ಲಿ ಮರಳಿ ಎದ್ದಿತು.

ಆ ಪ್ರಶ್ನೆಯು ಅತ್ಯಂತ ಕಠಿನವಾಗಿರುವುದು ಗೊಲ್ಲರಹಟ್ಟಿಗಳಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳು ಅನೇಕವಾಗಿವೆ. ಜುಂಜಪ್ಪ, ಎತ್ತಪ್ಪರ ಭಕ್ತರಾದ ಈ ಪಶುಪಾಲಕರು ಮಾತಿಗೆ ತಪ್ಪದವರು, ದೇವರಿಗೆ ಅಂಜಿ ನಡೆಯುವವರು. ಮುಟ್ಟಾದ ಹೆಂಗಸೂ, ಹೆತ್ತ ತಾಯಿಯೂ ಹಟ್ಟಿಯೊಳಗಿದ್ದರೆ ದೇವರಿಗೆ ಮೈಲಿಗೆಯೆಂಬ ನಂಬುಗೆಯಿಂದ ಬಾಣಂತಿಯನ್ನು ಕೂಸಿನೊಡನೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯು ಅಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಆಸ್ಪತ್ರೆಯಲ್ಲಿ ಹೆತ್ತು, ಚುಚ್ಚುಮದ್ದು ಪಡೆದು, ಕಾರ್ಡಿನಲ್ಲಿ ಎಲ್ಲವೂ ಸರಿಯಾಗಿ ಬರೆಯಿಸಿಕೊಂಡು ಬಂದ ತಾಯಿಯೂ ಬೇಲಿಯ ಹೊರಗೆ ಇಳಿಯಬೇಕಾಗುವುದು. ಅಲ್ಲಿಂದ ಮುಂದಕ್ಕೆ ಮಳೆ, ಚಳಿ, ಹಾವು-ಚೇಳುಗಳಿಗೆ ಯಾವ ಇಲಾಖೆಯೂ ಇಲ್ಲ.

ಸರ್ಕಾರವು ಕೆಲವು ಹಟ್ಟಿಗಳ ಬಳಿ ಹೆಂಗಸರಿಗೆಂದು ಕಟ್ಟಡಗಳನ್ನು ಕಟ್ಟಿಸಿತು. ‘ಕೃಷ್ಣಕುಟೀರ’ವೆಂಬುದು ಅವುಗಳಿಗೆ ಬಂದ ಹೆಸರು. ಗುಡಿಸಲಿಗಿಂತ ಗೋಡೆ ಒಳ್ಳೆಯದೆಂದು ಕೆಲವರು. ಗೋಡೆ ಕಟ್ಟಿದರೆ ಪದ್ಧತಿಗೆ ಮುದ್ರೆಯೊತ್ತಿದಂತಾಗುವುದೆಂದು ಕೆಲವರು. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಇಂದು ರಾತ್ರಿ ಮಳೆ ಬಂದರೆ ನೆನೆಯುವ ಕೂಸಿನ ಪಾಲಿಗೆ ಮೊದಲನೆಯ ಮಾತೇ ಹತ್ತಿರದ್ದು. ೨೦೧೭ರಲ್ಲಿ ಅಂಗೀಕೃತವಾಗಿ ೨೦೨೦ರ ಜನವರಿಯಲ್ಲಿ ಜಾರಿಗೆ ಬಂದ ಅಮಾನುಷ ಆಚರಣೆಗಳ ಪ್ರತಿಬಂಧಕ ಕಾಯಿದೆಯು ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತದಿಂದ ಒಂಟಿಯಾಗಿ ಇರಿಸುವುದನ್ನು ಅಪರಾಧವೆಂದು ಸಾರಿತು. ಆದಾಗ್ಯೂ ೨೦೨೩ರ ಮಳೆಗಾಲದಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಹಸುಳೆಯು ಚಳಿ ತಾಳಲಾರದೆ ತೀರಿಕೊಂಡಿತು. ಆ ಮ್ಯಾಲೆ ಅಧಿಕಾರಿಗಳು ಹಟ್ಟಿಗೆ ಬಂದರು, ತಿಳಿವಳಿಕೆ ಹೇಳಿದರು. ಬರಬೇಕಾದವರು ಬಂದರು, ಒಂದು ಕೂಸು ಹೋದ ಮೇಲೆ ಬಂದರು. ಅದೇ ವರ್ಷ ಗುಬ್ಬಿ ತಾಲ್ಲೂಕಿನ ಇನ್ನೊಂದು ಹಟ್ಟಿಗೆ ನ್ಯಾಯಾಧೀಶೆಯೊಬ್ಬರು ತಾವೇ ಹೋಗಿ, ಗುಡಿಸಲಿನಲ್ಲಿದ್ದ ಬಾಣಂತಿಯನ್ನೂ ಕೂಸನ್ನೂ ಮನೆಯೊಳಕ್ಕೆ ಸೇರಿಸಿದರು.

ಕಾಯಿದೆಯ ಮಾತನ್ನು ಹಟ್ಟಿಯು ಕೇಳುವುದಕ್ಕಿಂತ ಹಟ್ಟಿಯ ಪೂಜಾರಿಯ ಮಾತನ್ನು ಹೆಚ್ಚಾಗಿ ಕೇಳುವುದು. ಅಲ್ಲಿನ ಅಂಗನವಾಡಿಯವಳು ಅದೇ ಹಟ್ಟಿಯ ಸೊಸೆಯಾಗಿದ್ದರೆ ಅವಳೂ ಅದೇ ಕಟ್ಟಿಗೆ ಒಳಗಾದವಳು. ಅವಳೊಬ್ಬಳ ಮೇಲೆ ಭಾರ ಹೊರಿಸುವುದು ಧರ್ಮವಲ್ಲ. ಐದು ಸೂತಕಗಳನ್ನು ಅಲ್ಲಗಳೆದ ಪರಂಪರೆಯ ಮಠಗಳು ಇದೇ ಸೀಮೆಯಲ್ಲಿ ಶತಮಾನಗಳಿಂದ ಇದ್ದರೂ ಆ ಮಾತು ನೆರೆಯ ಹಟ್ಟಿಯ ಬೇಲಿಯವರೆಗೆ ನಡೆದು ಹೋಗಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹಟ್ಟಿಯವರಲ್ಲ.

ಇಂದು ಆ ಗುಡಿಸಲಿಗೆ ಮೊದಲು ಹೋಗುವವಳು ಆಶಾ ಕಾರ್ಯಕರ್ತೆ. ೨೦೧೧ರಿಂದ ನಡೆದಿರುವ ಏರ್ಪಾಡಿನಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವಳು ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಹೋಗಿ ನೋಡತಕ್ಕದ್ದು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲನೆಯ ದಿನವೂ ಹೋಗತಕ್ಕದ್ದು. ಅವಳ ಚೀಲದಲ್ಲಿ ಒಂದು ಜ್ವರಮಾಪಕ, ಒಂದು ತೂಗುತಕ್ಕಡಿ, ಕೂಸನ್ನು ಮಲಗಿಸುವ ಬಟ್ಟೆಯ ಜೋಳಿಗೆ ಇರುವುವು. ಬೇಲಿಯ ಹೊರಗಿನ ಗುಡಿಸಲೋ, ಕೃಷ್ಣಕುಟೀರವೋ, ಲಿಂಗವಂತರ ಪಡಸಾಲೆಯೋ, ಎಲ್ಲಿಯಾದರೂ ಅವಳು ಬಾಗಿಲಿನಲ್ಲಿ ಕುಳಿತು, ಜೋಳಿಗೆಯನ್ನು ಎತ್ತಿ ಹಿಡಿದು, ಮುಳ್ಳು ನಿಲ್ಲುವವರೆಗೆ ಕಾದು, ತೂಕವನ್ನು ಆ ಕಾರ್ಡಿನಲ್ಲಿ ಬರೆಯುವಳು.